ಹೊಸ ಮ್ಯೂಸಿಕಲ್ ಓಡ್ತಿದೆಯಾ, ತೋಪೆದ್ದಿದೆಯಾ? ಬ್ರಾಡ್‌ವೇ ಲೆಕ್ಕ ಓದುವುದು ಹೀಗೆ

ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ತಾಣ ಬ್ರಾಡ್‌ವೇಯಲ್ಲಿ ಹೊಸ ಮ್ಯೂಸಿಕಲ್, ಅಂದರೆ ಹಾಡು ಕುಣಿತದ ನಾಟಕ, ಶುರುವಾದ ವಾರದೊಳಗೆ ಎರಡು ಥರದ ಮಾತು ಕೇಳಿಸುತ್ತೆ. "ವಿಮರ್ಶಕರು ಉಗಿದು ಉಪ್ಪಿನಕಾಯಿ ಹಾಕಿದ್ದಾರೆ, ಹೋಗಬೇಡಿ" ಅಂತ ಒಬ್ಬರು. "ಸೀಟೇ ಸಿಗ್ತಿಲ್ಲ, ಸೂಪರ್ ಹಿಟ್" ಅಂತ ಇನ್ನೊಬ್ಬರು. ಎರಡೂ ನಿಜ ಇರಬಹುದು. ಎರಡೂ ಅರ್ಧ ನಿಜ ಇರುವುದೇ ಜಾಸ್ತಿ. ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೆ ಹೋದಾಗ ಒಂದು ಶೋ ನೋಡೋಣ ಅಂದುಕೊಂಡವರಿಗೂ, ರಂಗಭೂಮಿಯ ವ್ಯಾಪಾರ ಹೇಗೆ ನಡೆಯುತ್ತೆ ಅನ್ನುವ ಕುತೂಹಲ ಇರುವವರಿಗೂ ಸತ್ಯ ತಿಳಿಯಲು ಒಂದು ದಾರಿ ಇದೆ. ಬೇಕಾದ ಅಂಕಿಗಳೆಲ್ಲ ಪುಕ್ಕಟೆ ಸಿಗುತ್ತವೆ. ಓದುವ ಕ್ರಮ ಗೊತ್ತಿರಬೇಕು, ಅಷ್ಟೇ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಒಟ್ಟು ಕಲೆಕ್ಷನ್ ಎಷ್ಟು ಅಂತ ಬಾಯಿ ಬಿಟ್ಟು ನೋಡಬೇಡಿ. ಥಿಯೇಟರ್ ಎಷ್ಟು ತುಂಬಿತ್ತು ಅಂತಲೂ ತಲೆ ಕೆಡಿಸಿಕೊಳ್ಳಬೇಡಿ. ಸರಾಸರಿ ಟಿಕೆಟ್ ಬೆಲೆ ನೋಡಿ, ಅದೂ ವಿಮರ್ಶೆ ಬಂದ ಮೇಲಿನ ನಾಲ್ಕೈದು ವಾರ ನೋಡಿ. ಆ ಒಂದು ಅಂಕಿ ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನುವುದರಲ್ಲೇ ಮುಕ್ಕಾಲು ಉತ್ತರ ಇರುತ್ತೆ.

ಮಂಗಳವಾರದ ಪಟ್ಟಿ

ಬ್ರಾಡ್‌ವೇ ಲೀಗ್ ಅಂತ ಒಂದು ಸಂಘ ಇದೆ. ನಿರ್ಮಾಪಕರು, ಥಿಯೇಟರ್ ಮಾಲೀಕರು ಅದರ ಸದಸ್ಯರು. ಭಾನುವಾರಕ್ಕೆ ಮುಗಿದ ವಾರದ ಲೆಕ್ಕವನ್ನು ಅವರು ಸಾಮಾನ್ಯವಾಗಿ ಮಂಗಳವಾರ ಹೊರಗೆ ಬಿಡುತ್ತಾರೆ, ಒಂದೊಂದು ಶೋಗೂ ಬೇರೆ ಬೇರೆಯಾಗಿ. ಪ್ಲೇಬಿಲ್, ಬ್ರಾಡ್‌ವೇವರ್ಲ್ಡ್ ತಾಣಗಳಲ್ಲಿ ಅದೇ ಪಟ್ಟಿ ಹಳೆಯ ವಾರಗಳ ಸಮೇತ ಸಿಗುತ್ತೆ. ನಮ್ಮ ಗಾಂಧಿನಗರದ ಸಿನಿಮಾಗಳಿಗೆ ಇಂಥ ಪಟ್ಟಿ ಇದ್ದಿದ್ದರೆ ಎಷ್ಟೋ ಅಭಿಮಾನಿಗಳ ಜಗಳ ತಪ್ಪುತ್ತಿತ್ತು. ನಮ್ಮಲ್ಲಿ ಪೋಸ್ಟರ್ ಮೇಲೆ ಬರೆದದ್ದೇ ಕಲೆಕ್ಷನ್ ಅಲ್ವಾ.

ಪಟ್ಟಿಯಲ್ಲಿ ವಾರದ ಗ್ರಾಸ್ ಅಂದರೆ ಒಟ್ಟು ಗಳಿಕೆ, ಹಿಂದಿನ ವಾರಕ್ಕಿಂತ ಎಷ್ಟು ಹೆಚ್ಚು ಕಡಿಮೆ, ಸರಾಸರಿ ಟಿಕೆಟ್ ಬೆಲೆ, ಅತಿ ದುಬಾರಿ ಟಿಕೆಟ್‌ನ ಬೆಲೆ, ಎಷ್ಟು ಜನ ಬಂದರು, ಎಷ್ಟು ಪರ್ಸೆಂಟ್ ಸೀಟು ತುಂಬಿತು, ಎಷ್ಟು ಶೋ ಆಯಿತು ಅನ್ನುವುದೆಲ್ಲ ಇರುತ್ತೆ. ವಾರಕ್ಕೆ 8 ಶೋ ಅನ್ನುವುದು ಅಲ್ಲಿನ ರೂಢಿ. ಈ ಕೊನೆಯ ಅಂಕಣವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಕಲಾವಿದರಿಗೆ ಹುಷಾರಿಲ್ಲದೆ ಎರಡು ಶೋ ರದ್ದಾದರೆ ಗ್ರಾಸ್ ದಬಕ್ಕನೆ ಬೀಳುತ್ತೆ. ಶೋಗಳ ಸಂಖ್ಯೆ ನೋಡದವರು "ಮುಗೀತು ಇದರ ಕಥೆ" ಅಂದುಬಿಡುತ್ತಾರೆ. ಕ್ರಿಸ್‌ಮಸ್ ವಾರದಲ್ಲಿ ಕೆಲವರು 9 ಶೋ ಮಾಡಿ "ದಾಖಲೆ ಗಳಿಕೆ" ಅಂತ ಕುಣಿಯುತ್ತಾರೆ. ಅದೂ ಅಷ್ಟೇ.

ಥಿಯೇಟರ್ ಗಾತ್ರವನ್ನೂ ನೋಡಿಕೊಳ್ಳಿ. ಬ್ರಾಡ್‌ವೇ ಅಂತ ಲೆಕ್ಕಕ್ಕೆ ಬರುವ ಥಿಯೇಟರ್‌ಗಳು 41. ಕನಿಷ್ಠ 500 ಸೀಟಾದರೂ ಇರಬೇಕು. ಆದರೆ ಸಾವಿರ ಸೀಟಿನ ಬೆಲಾಸ್ಕೊ ಎಲ್ಲಿ, 1,900 ದಾಟುವ ಗರ್ಶ್‌ವಿನ್ ಎಲ್ಲಿ! ಇವೆರಡರ ಗ್ರಾಸ್ ಪಕ್ಕಪಕ್ಕ ಇಟ್ಟು ಯಾರು ಗೆದ್ದರು ಅಂತ ಕೇಳುವುದೇ ತಪ್ಪು.

ತುಂಬಿದ ಮನೆ ಯಾಕೆ ಮೋಸ

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. 1,000 ಸೀಟು, 8 ಶೋ, ಅಂದರೆ ವಾರಕ್ಕೆ 8,000 ಸೀಟು. 95 ಪರ್ಸೆಂಟ್ ತುಂಬಿದರೆ 7,600 ಜನ. ಸರಾಸರಿ ಟಿಕೆಟ್ 70 ಡಾಲರ್ ಆದರೆ ಗ್ರಾಸ್ 5,32,000 ಡಾಲರ್. ಅದೇ ಜನ, ಅದೇ ಕುರ್ಚಿ, ಸರಾಸರಿ 120 ಡಾಲರ್ ಆದರೆ 9,12,000. ಈಗ ಈ ಶೋ ನಡೆಸಲು ವಾರಕ್ಕೆ 7 ಲಕ್ಷ ಡಾಲರ್ ಬೇಕು ಅಂತಿಟ್ಟುಕೊಳ್ಳಿ. ಮೊದಲನೆಯದು ಹೌಸ್‌ಫುಲ್ ಬೋರ್ಡ್ ಪಕ್ಕದಲ್ಲೇ ನಿಂತು ವಾರವಾರ ದುಡ್ಡು ಕಳೆದುಕೊಳ್ಳುತ್ತಿದೆ. ಎರಡನೆಯದು ಗಲ್ಲಾಪೆಟ್ಟಿಗೆ ತುಂಬಿಸುತ್ತಿದೆ. ತುಂಬಿದ ಪರ್ಸೆಂಟ್ ಮಾತ್ರ ಎರಡಕ್ಕೂ 95.

ಈ ವಾರದ ಖರ್ಚಿಗೆ ಅಲ್ಲಿಯವರು "ನಟ್" ಅನ್ನುತ್ತಾರೆ. ನಟರ ಸಂಬಳ, ವಾದ್ಯಗಾರರು, ಲೈಟು, ಥಿಯೇಟರ್ ಬಾಡಿಗೆ, ಜಾಹೀರಾತು ಎಲ್ಲ ಅದರಲ್ಲಿ ಬಂತು. ಪಟ್ಟಿಯಲ್ಲಿ ಇದು ಇರುವುದಿಲ್ಲ. ಆದರೂ ಈಗಿನ ಮ್ಯೂಸಿಕಲ್‌ಗಳಿಗೆ ವಾರಕ್ಕೆ 6 ಲಕ್ಷದಿಂದ 10 ಲಕ್ಷ ಡಾಲರ್ ಅಂತ ಮನಸ್ಸಿನಲ್ಲಿಟ್ಟುಕೊಂಡರೆ ಅಂದಾಜಿಗೆ ಸಾಕು. ರಂಗದ ಮೇಲೆ ಜನ ಕಡಿಮೆ, ಸೆಟ್ ಸರಳ ಅಂದರೆ ಕೆಳಗೆ. ಹಾರಾಟ, ಕುಣಿತ, ದೊಡ್ಡ ಆರ್ಕೆಸ್ಟ್ರಾ ಅಂದರೆ ಮೇಲೆ.

ಸೀಟು ತುಂಬಿಸುವುದಕ್ಕೆ ಸಾವಿರ ಉಪಾಯ ಇವೆ. ಟೈಮ್ಸ್ ಸ್ಕ್ವೇರ್‌ನಲ್ಲಿ 1973ರಿಂದ ನಡೆಯುತ್ತಿರುವ ಟಿಕೆಟಿಎಸ್ ಕೌಂಟರ್‌ನಲ್ಲಿ ಅರ್ಧ ಬೆಲೆಗೂ ಟಿಕೆಟ್ ಸಿಗುತ್ತೆ. ಲಾಟರಿ ಇದೆ, ಬೆಳಗ್ಗೆ ಸಾಲಿನಲ್ಲಿ ನಿಂತವರಿಗೆ ಸಿಗುವ ರಶ್ ಟಿಕೆಟ್ ಇದೆ. ಖಾಲಿ ಕುರ್ಚಿ ಕಾಣಬಾರದು ಅಂತ ಸುಮ್ನೆ ಹಂಚುವ ಪುಕ್ಕಟೆ ಟಿಕೆಟ್ ಇದೆ, ಅದಕ್ಕೆ ಅಲ್ಲಿ "ಪೇಪರಿಂಗ್" ಅಂತಲೇ ಹೆಸರು. ಇವೆಲ್ಲ ಸೇರಿ ಮನೆ ತುಂಬಿಸುತ್ತವೆ, ಸರಾಸರಿ ಬೆಲೆಯನ್ನು ಕೆಳಗೆ ಎಳೆಯುತ್ತವೆ. ಅದಕ್ಕೇ ಆ ಅಂಕಿಯನ್ನು ನಾನು ನಂಬುವುದು. ಅದಕ್ಕೆ ಸೋಗು ಹಾಕುವುದು ಕಷ್ಟ.

ಯಾವ ವಾರವನ್ನು ಯಾವ ವಾರಕ್ಕೆ ಹೋಲಿಸಬೇಕು

ಹೊಸ ಮ್ಯೂಸಿಕಲ್ ಅಧಿಕೃತವಾಗಿ ಶುರುವಾಗುವ ಮೊದಲು ಮೂರ್ನಾಲ್ಕು ವಾರ "ಪ್ರಿವ್ಯೂ" ಅಂತ ನಡೆಯುತ್ತೆ. ಟಿಕೆಟ್ ಮಾರುತ್ತಾರೆ, ಜನ ನೋಡುತ್ತಾರೆ, ಹಗಲು ತಿದ್ದುತ್ತಾರೆ, ರಾತ್ರಿ ಆಡುತ್ತಾರೆ. ಪ್ರಿವ್ಯೂ ವಾರದ ಅಂಕಿಯಿಂದ ಏನೂ ತೀರ್ಮಾನ ಮಾಡಬೇಡಿ. ಆಗ ಬರುವವರು ನಟನ ಅಭಿಮಾನಿಗಳು, ರಿಯಾಯಿತಿ ಹುಡುಕುವವರು, ಎಲ್ಲವನ್ನೂ ಮೊದಲು ನೋಡಲೇಬೇಕು ಅನ್ನುವ ಹಟದವರು.

ಓಪನಿಂಗ್ ವಾರವೂ ಬೇಡ. ಆ ವಾರ ವಿಮರ್ಶಕರಿಗೆ, ಅತಿಥಿಗಳಿಗೆ ಪುಕ್ಕಟೆ ಸೀಟು ಹೋಗಿರುತ್ತವೆ. ಗ್ರಾಸ್ ಬಿದ್ದಂತೆ ಕಂಡರೆ ಗಾಬರಿಯಾಗಬೇಕಿಲ್ಲ. ನಿಜವಾದ ಪರೀಕ್ಷೆ ಓಪನಿಂಗ್ ಆದ ಮೇಲಿನ ಎರಡನೇ ವಾರದಿಂದ ಶುರು.

ಋತುವನ್ನೂ ಕಳೆದು ನೋಡಿ. ಥ್ಯಾಂಕ್ಸ್‌ಗಿವಿಂಗ್ ವಾರ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಎಲ್ಲರಿಗೂ ಹಬ್ಬ. ಜನವರಿ, ಫೆಬ್ರವರಿ ಎಲ್ಲರಿಗೂ ಬರಗಾಲ, ಒಂದು ಕೊಂಡರೆ ಒಂದು ಉಚಿತ ಅನ್ನುವ ಬ್ರಾಡ್‌ವೇ ವೀಕ್ ಬರುವುದೂ ಆಗಲೇ. ಆದ್ದರಿಂದ ಒಂದೇ ಶೋ ಹಿಡಿದು ಕೂರಬೇಡಿ. ಆ ವಾರ ಪಟ್ಟಿಯಲ್ಲಿರುವ ಎಲ್ಲ ಶೋಗಳೂ ಬಿದ್ದಿದ್ದರೆ ಅದು ಚಳಿ. ಇದೊಂದೇ ಬಿದ್ದಿದ್ದರೆ ಕಾಯಿಲೆ.

ವಿಮರ್ಶೆ ಓದುವ ಕ್ರಮ

ಓಪನಿಂಗ್ ಶೋ ನೋಡಿ ಓಡೋಡಿ ಹೋಗಿ ರಾತ್ರಿಯೇ ವಿಮರ್ಶೆ ಬರೆಯುವ ಕಾಲ ಹೋಯಿತು. ಈಗ ವಿಮರ್ಶಕರು ಕೊನೆಯ ಪ್ರಿವ್ಯೂಗಳಲ್ಲೇ ನೋಡಿರುತ್ತಾರೆ. ಓಪನಿಂಗ್ ರಾತ್ರಿಯ ತನಕ ಪ್ರಕಟಿಸುವಂತಿಲ್ಲ ಅನ್ನುವ ಒಪ್ಪಂದ. ಹಾಗಾಗಿ ಎಲ್ಲ ಪತ್ರಿಕೆಗಳ ಮಾತೂ ಒಂದೇ ರಾತ್ರಿ ಮಳೆ ಸುರಿದಂತೆ ಬೀಳುತ್ತವೆ. ಈ ಒಪ್ಪಂದ ಮುರಿದದ್ದೂ ಇದೆ. ಯು2 ಬ್ಯಾಂಡ್‌ನ ಬೋನೊ ಮತ್ತು ದಿ ಎಡ್ಜ್ ಸಂಗೀತದ "ಸ್ಪೈಡರ್-ಮ್ಯಾನ್: ಟರ್ನ್ ಆಫ್ ದ ಡಾರ್ಕ್" 2010ರ ನವೆಂಬರ್‌ನಲ್ಲಿ ಪ್ರಿವ್ಯೂ ಶುರು ಮಾಡಿ, ಓಪನಿಂಗ್ ದಿನವನ್ನು ಮುಂದೂಡುತ್ತಲೇ ಹೋಯಿತು. ಪೂರ್ತಿ ಬೆಲೆಗೆ ಟಿಕೆಟ್ ಮಾರಿಕೊಂಡು ವಿಮರ್ಶೆ ಬೇಡ ಅಂದರೆ ಹೇಗೆ ಅಂತ 2011ರ ಫೆಬ್ರವರಿಯಲ್ಲಿ ದೊಡ್ಡ ಪತ್ರಿಕೆಗಳೆಲ್ಲ ಕಾಯದೆ ಬರೆದೇಬಿಟ್ಟವು. ಒಟ್ಟು 182 ಪ್ರಿವ್ಯೂ ಆದ ಮೇಲೆ ಅದು ಜೂನ್‌ನಲ್ಲಿ ಅಧಿಕೃತವಾಗಿ ತೆರೆಯಿತು.

ವಿಮರ್ಶೆ ಓದುವಾಗ ಹೊಗಳಿಕೆ ಯಾರಿಗೆ ಹೋಗಿದೆ ನೋಡಿ. ನಟಿಗಾ, ಹಾಡಿಗಾ, ಕಥೆಗಾ, ಸೆಟ್‌ಗಾ? "ನಟನೆ ಅದ್ಭುತ, ಆದರೆ…" ಅಂತ ಇದ್ದರೆ ಆ ನಟ ಬಿಟ್ಟ ದಿನ ಶೋ ಏನಾಗುತ್ತೆ ಅಂತ ಯೋಚಿಸಿ. ಇದು ಉಲ್ಟಾ ಕೂಡ ಆಗುತ್ತೆ. "ಫನ್ನಿ ಗರ್ಲ್" 2022ರ ಏಪ್ರಿಲ್‌ನಲ್ಲಿ ಮರುಪ್ರಯೋಗವಾಗಿ ಬಂದಾಗ ವಿಮರ್ಶೆ ಸಪ್ಪೆ, ಮಾರಾಟವೂ ಇಳಿಮುಖ. ಸೆಪ್ಟೆಂಬರ್‌ನಲ್ಲಿ ನಾಯಕಿಯ ಪಾತ್ರಕ್ಕೆ "ಗ್ಲೀ" ಟಿವಿ ಸರಣಿಯ ತಾರೆ ಲಿಯಾ ಮಿಶೆಲ್ ಬಂದರು. ಅದೇ ಸೆಟ್ಟು, ಅದೇ ಹಾಡು. ಟಿಕೆಟ್ ಬೆಲೆ ಆಕಾಶಕ್ಕೇರಿತು, ಹಬ್ಬದ ವಾರದಲ್ಲಿ ಗ್ರಾಸ್ 20 ಲಕ್ಷ ಡಾಲರ್ ದಾಟಿತು.

ಒಂದೇ ಪತ್ರಿಕೆ ಓದಿದರೆ ಸಾಲದು. ನ್ಯೂಯಾರ್ಕ್ ಟೈಮ್ಸ್‌ನ ಮಾತಿಗೆ ಈಗಲೂ ತೂಕ ಜಾಸ್ತಿ, ಅದರ "ಕ್ರಿಟಿಕ್ಸ್ ಪಿಕ್" ಮುದ್ರೆ ಸಿಕ್ಕರೆ ಜಾಹೀರಾತಿನವರಿಗೆ ಹಬ್ಬ. ಆದರೂ ವೆರೈಟಿ, ಟೈಮ್ ಔಟ್, ವಾಷಿಂಗ್ಟನ್ ಪೋಸ್ಟ್ ಥರದ ಇನ್ನೂ ಮೂರ್ನಾಲ್ಕು ಓದಿ. ಎಲ್ಲರೂ ಒಂದೇ ಜಾಗದಲ್ಲಿ ಗೊಣಗಿದ್ದರೆ, ಉದಾಹರಣೆಗೆ ಎರಡನೇ ಅಂಕ ಎಳೆದಾಡುತ್ತೆ ಅಂದರೆ, ಅದು ನಿಜ ಅಂತ ಒಪ್ಪಿಕೊಳ್ಳಿ. ಒಬ್ಬರು ಉಗಿದಿರುವುದನ್ನೇ ಇನ್ನೊಬ್ಬರು ಹೊಗಳಿದ್ದರೆ ಅದು ರುಚಿಯ ವಿಷಯ, ನಿಮಗೆ ಇಷ್ಟವಾದರೂ ಆಗಬಹುದು.

ಪೋಸ್ಟರ್ ಮೇಲಿನ ಹೊಗಳಿಕೆ ಮಾತ್ರ ಓದಲೇಬೇಡಿ. ನಡುವೆ ಮೂರು ಚುಕ್ಕೆ ಕಂಡರೆ ಅಲ್ಲೊಂದು "ಆದರೆ" ಸತ್ತಿದೆ ಅಂತ ಅರ್ಥ. ಈ ವಿಷಯದಲ್ಲಿ ಡೇವಿಡ್ ಮೆರಿಕ್ ಅನ್ನುವ ನಿರ್ಮಾಪಕರನ್ನು ಮೀರಿಸಿದವರಿಲ್ಲ. 1961ರ ಕೊನೆಯಲ್ಲಿ ಅವರ "ಸಬ್‌ವೇಸ್ ಆರ್ ಫಾರ್ ಸ್ಲೀಪಿಂಗ್" ಮ್ಯೂಸಿಕಲ್‌ಗೆ ಒಳ್ಳೆಯ ವಿಮರ್ಶೆ ಸಿಗಲಿಲ್ಲ. ಮೆರಿಕ್ ಏನು ಮಾಡಿದರು ಗೊತ್ತಾ? ನ್ಯೂಯಾರ್ಕ್‌ನ ಏಳು ಪ್ರಮುಖ ವಿಮರ್ಶಕರ ಹೆಸರೇ ಇರುವ ಏಳು ಸಾಮಾನ್ಯ ಜನರನ್ನು ಹುಡುಕಿಸಿ, ಅವರಿಗೆ ಶೋ ತೋರಿಸಿ, ಅವರ ಹೆಸರಿನಲ್ಲೇ ಭರ್ಜರಿ ಹೊಗಳಿಕೆ ಹಾಕಿ ಜಾಹೀರಾತು ತಯಾರಿಸಿದರು. ಉಪಾಯ ಮುಂಚೆಯೇ ತಲೆಯಲ್ಲಿತ್ತಂತೆ. ಆದರೆ ಟೈಮ್ಸ್‌ನ ಬ್ರೂಕ್ಸ್ ಅಟ್ಕಿನ್ಸನ್ ಹೆಸರಿನವರು ಇನ್ನೊಬ್ಬರು ಸಿಗಲಿಲ್ಲ, ಆ ವಿಮರ್ಶಕರು ನಿವೃತ್ತಿಯಾಗುವ ತನಕ ಕಾಯಬೇಕಾಯಿತು. 1962ರ ಜನವರಿಯಲ್ಲಿ ಹೆರಾಲ್ಡ್ ಟ್ರಿಬ್ಯೂನ್‌ನ ಒಂದು ಆವೃತ್ತಿಯಲ್ಲಿ ಅದು ಅಚ್ಚಾಗಿಯೂ ಹೋಯಿತು, ಆಮೇಲೆ ಪತ್ರಿಕೆಯವರಿಗೆ ಗೊತ್ತಾಗಿ ತೆಗೆದರು. ಶೋ 205 ಪ್ರದರ್ಶನ ಕಂಡು ನಿಂತಿತು.

ಎರಡನ್ನೂ ಪಕ್ಕಪಕ್ಕ ಇಟ್ಟಾಗ

ವಿಮರ್ಶೆ ಚೆನ್ನಾಗಿದೆ, ಮಾರಾಟ ಕಡಿಮೆ ಅನ್ನುವ ಶೋ ಸಿಕ್ಕರೆ ಅದನ್ನೇ ಗಮನಿಸಿ, ಅದರಷ್ಟು ಸ್ವಾರಸ್ಯ ಇನ್ಯಾವುದರಲ್ಲೂ ಇಲ್ಲ. 2024ರ ನವೆಂಬರ್ 12ರಂದು ಬೆಲಾಸ್ಕೊದಲ್ಲಿ ತೆರೆದ "ಮೇಬಿ ಹ್ಯಾಪಿ ಎಂಡಿಂಗ್" ಹೀಗೇ ಇತ್ತು. ಮೊದಲು ಕೊರಿಯಾದ ಸೋಲ್‌ನಲ್ಲಿ ಆಡಿದ ಕಥೆ, ಎರಡು ಹಳೇ ರೋಬೋಟ್‌ಗಳ ಪ್ರೀತಿ. ಜನರಿಗೆ ಗೊತ್ತಿರುವ ಸಿನಿಮಾ ಕಥೆಯಲ್ಲ, ಗೊತ್ತಿರುವ ಹಾಡಿಲ್ಲ. ಪ್ರಿವ್ಯೂ ವಾರಗಳ ಗ್ರಾಸ್ ನೋಡಿದವರು ಇದು ಹೊಸ ವರ್ಷ ಕಾಣುವುದಿಲ್ಲ ಅಂದಿದ್ದರು. ವಿಮರ್ಶೆಗಳು ಒಂದೇ ಸಮ ಹೊಗಳಿದವು. ಆದರೂ ಮಾರಾಟ ಒಂದೇ ರಾತ್ರಿಗೆ ಜಿಗಿಯಲಿಲ್ಲ, ವಾರಕ್ಕಿಷ್ಟು ಅಂತ ಮೆಟ್ಟಿಲು ಹತ್ತಿತು. ವರ್ಷದ ಕೊನೆಯ ಹಬ್ಬದ ವಾರದಲ್ಲಿ 10 ಲಕ್ಷ ಡಾಲರ್ ಮುಟ್ಟಿತು. 2025ರ ಜೂನ್‌ನಲ್ಲಿ ಅತ್ಯುತ್ತಮ ಮ್ಯೂಸಿಕಲ್ ಸೇರಿ 6 ಟೋನಿ ಬಂತು, ಬ್ರಾಡ್‌ವೇಯ ಅತಿ ದೊಡ್ಡ ಪ್ರಶಸ್ತಿ ಅದು. ಬಾಯಿಮಾತಿನಿಂದ ಓಡುವ ಶೋ ಏರುವುದು ಹೀಗೆ, ಸಣ್ಣ ಸಣ್ಣದಾಗಿ, ಹಿಂದಕ್ಕೆ ಬೀಳದೆ.

ಅದೇ ತಿಂಗಳು, ಎರಡೇ ದಿನ ಬಿಟ್ಟು, ನವೆಂಬರ್ 14ರಂದು ಪ್ಯಾಲೇಸ್ ಥಿಯೇಟರ್‌ನಲ್ಲಿ "ಟ್ಯಾಮಿ ಫೇ" ತೆರೆಯಿತು. ಎಲ್ಟನ್ ಜಾನ್ ಸಂಗೀತ, ಲಂಡನ್‌ನಲ್ಲಿ ಮೆಚ್ಚುಗೆ ಪಡೆದು ಬಂದ ಶೋ, ಬಂಡವಾಳ 2 ಕೋಟಿ ಡಾಲರ್‌ಗೂ ಮೇಲೆ. ನ್ಯೂಯಾರ್ಕ್ ವಿಮರ್ಶಕರಿಗೆ ಹಿಡಿಸಲಿಲ್ಲ, ಪ್ರಿವ್ಯೂನಿಂದಲೇ ಟಿಕೆಟ್ ಹೋಗುತ್ತಿರಲಿಲ್ಲ. ತೆರೆದ ಐದೇ ದಿನಕ್ಕೆ ಮುಚ್ಚುವ ಸುದ್ದಿ ಬಂತು. ಡಿಸೆಂಬರ್ 8ಕ್ಕೆ, 29 ಪ್ರದರ್ಶನಕ್ಕೆ, ಕಥೆ ಮುಗಿಯಿತು. ಲಂಡನ್‌ನಲ್ಲಿ ಗೆದ್ದದ್ದು ಇಲ್ಲೂ ಗೆಲ್ಲುತ್ತೆ ಅನ್ನುವ ಲೆಕ್ಕ ಯಾವತ್ತೂ ಹಾಕಬೇಡಿ. ಇದು ನಮಗೆ ಹೊಸದೇನಲ್ಲ. ಎ.ಆರ್. ರೆಹಮಾನ್ ಸಂಗೀತದ "ಬಾಂಬೆ ಡ್ರೀಮ್ಸ್" ಲಂಡನ್‌ನಲ್ಲಿ 2002ರಿಂದ ಎರಡು ವರ್ಷ ಓಡಿತ್ತು. 2004ರ ಏಪ್ರಿಲ್‌ನಲ್ಲಿ ಬ್ರಾಡ್‌ವೇಗೆ ಬಂದದ್ದು 284 ಪ್ರದರ್ಶನಕ್ಕೆ, 2005ರ ಜನವರಿ 1ಕ್ಕೆ ಬಾಗಿಲು ಹಾಕಿತು.

ವಿಮರ್ಶೆ ಅಷ್ಟಕ್ಕಷ್ಟೆ, ಮಾರಾಟ ಜೋರು ಅನ್ನುವುದಕ್ಕೆ "ವಿಕೆಡ್" ಹೇಳಲೇಬೇಕು. 2003ರ ಅಕ್ಟೋಬರ್‌ನಲ್ಲಿ ತೆರೆದಾಗ ಟೈಮ್ಸ್ ಮೆಚ್ಚಲಿಲ್ಲ. ಅತ್ಯುತ್ತಮ ಮ್ಯೂಸಿಕಲ್ ಟೋನಿ ಕೂಡ "ಅವೆನ್ಯೂ ಕ್ಯೂ" ಪಾಲಾಯಿತು. ಆದರೂ ಹಾಕಿದ 1.4 ಕೋಟಿ ಡಾಲರ್ ಸುಮಾರು 14 ತಿಂಗಳಲ್ಲಿ ವಾಪಸ್ ಬಂತು, 2024ರ ಕ್ರಿಸ್‌ಮಸ್ ವೇಳೆಗೆ ಒಂದೇ ವಾರದಲ್ಲಿ 50 ಲಕ್ಷ ಡಾಲರ್ ಗಳಿಸಿತು. ಹದಿಹರೆಯದ ಹುಡುಗಿಯರು ಅಮ್ಮಂದಿರನ್ನು ಕರೆದುಕೊಂಡು ಮತ್ತೆ ಮತ್ತೆ ಬಂದರೆ ಯಾವ ವಿಮರ್ಶಕ ತಡೆಯುತ್ತಾನೆ?

ಗಳಿಕೆ ಬೇರೆ, ಲಾಭ ಬೇರೆ

ಇಲ್ಲಿ ಹೊಸಬರು ತಪ್ಪದೆ ಎಡವುತ್ತಾರೆ. ಶೋ ಕಟ್ಟಲು ಮೊದಲೇ ಸುರಿದ ದುಡ್ಡು ಒಂದು, ವಾರದ ಖರ್ಚು ಇನ್ನೊಂದು. ವಾರದ ಖರ್ಚು ಕಳೆದು ಉಳಿದದ್ದರಿಂದ ಮೊದಲಿನ ಬಂಡವಾಳ ತೀರಬೇಕು. ತೀರಿದರೆ "ರಿಕೂಪ್" ಆಯಿತು ಅನ್ನುತ್ತಾರೆ. ಆ ಸುದ್ದಿಯನ್ನು ನಿರ್ಮಾಪಕರು ಡಂಗುರ ಹೊಡೆದು ಹೇಳುತ್ತಾರೆ. ವರ್ಷವಾದರೂ ಹೇಳಿಲ್ಲ ಅಂದರೆ ಆಗಿಲ್ಲ ಅಂತಲೇ ತಿಳಿಯಿರಿ. 2 ಕೋಟಿ ಡಾಲರ್ ಹಾಕಿ ವಾರಕ್ಕೆ 1 ಲಕ್ಷ ಉಳಿದರೆ 200 ವಾರ ಬೇಕು, ಹತ್ತಿರಹತ್ತಿರ ನಾಲ್ಕು ವರ್ಷ.

ಆ ಸ್ಪೈಡರ್-ಮ್ಯಾನ್ ಶೋ 2011ರ ಕೊನೆಯ ವಾರದಲ್ಲಿ 9 ಪ್ರದರ್ಶನಕ್ಕೆ ಸುಮಾರು 29 ಲಕ್ಷ ಡಾಲರ್ ಗಳಿಸಿ ದಾಖಲೆ ಮಾಡಿತ್ತು. ಅಂಕಿ ನೋಡಿದವರು ಭಾರಿ ಗೆಲುವು ಅಂದುಕೊಂಡರು. ಕಟ್ಟಲು ಆದ ಖರ್ಚು 7.5 ಕೋಟಿ ಡಾಲರ್, ವಾರದ ಖರ್ಚು 10 ಲಕ್ಷಕ್ಕೂ ಮೇಲೆ. 2014ರ ಜನವರಿಯಲ್ಲಿ ಮುಚ್ಚಿದಾಗ ಹೂಡಿದವರಿಗೆ ಬಂಡವಾಳದ ಬಹುಪಾಲು ಹೋಗಿತ್ತು.

ಇಡೀ ಊರಿನ ಲೆಕ್ಕವೂ ಹೀಗೇ ಇದೆ. 2024-25ರ ಸೀಸನ್‌ನಲ್ಲಿ ಬ್ರಾಡ್‌ವೇ 189 ಕೋಟಿ ಡಾಲರ್ ಗಳಿಸಿತು, ಅಲ್ಲಿಯವರೆಗಿನ ದಾಖಲೆ. ಬಂದ ಜನ ಸುಮಾರು 1.47 ಕೋಟಿ, ಕೋವಿಡ್‌ಗೆ ಮೊದಲಿನ 2018-19ಕ್ಕಿಂತ ಚೂರು ಕಡಿಮೆಯೇ. ಅಂದರೆ ಏರಿದ್ದು ಟಿಕೆಟ್ ಬೆಲೆ. ಅದರಲ್ಲೂ ದೊಡ್ಡ ಪಾಲು ಸಿನಿಮಾ ತಾರೆಯರು ಕೆಲವೇ ವಾರ ಆಡಿದ ನಾಟಕಗಳದ್ದು. ಆ ಸೀಸನ್‌ನಲ್ಲಿ ತೆರೆದ 18 ವಾಣಿಜ್ಯ ಮ್ಯೂಸಿಕಲ್‌ಗಳಲ್ಲಿ 2025ರ ಸೆಪ್ಟೆಂಬರ್‌ವರೆಗೆ ಒಂದೂ ಲಾಭಕ್ಕೆ ಬಂದಿರಲಿಲ್ಲ ಅಂತ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತ್ತು.

ಅಂಕಿ ಸಿಗದ ಕಡೆ

ಲಂಡನ್‌ನ ರಂಗಮಂದಿರಗಳ ತಾಣ ವೆಸ್ಟ್ ಎಂಡ್‌ನಲ್ಲಿ ಶೋವಾರು ಗ್ರಾಸ್ ಪ್ರಕಟಿಸುವ ರೂಢಿ ಇಲ್ಲ. ಮುಂಬೈಗೆ ಬರುವ ಪ್ರವಾಸಿ ಮ್ಯೂಸಿಕಲ್‌ಗಳಿಗೂ ಇಲ್ಲ. ಅಲ್ಲೆಲ್ಲ ಟಿಕೆಟ್ ತಾಣದಲ್ಲಿ ಕಾಣುವ ಸೀಟ್ ಮ್ಯಾಪೇ ಗತಿ. ಮುಂದಿನ ಮಂಗಳವಾರದ್ದೋ ಬುಧವಾರದ್ದೋ ಶೋ ತೆರೆದು ನೋಡಿ. ಶನಿವಾರ ಎಲ್ಲರಿಗೂ ತುಂಬುತ್ತೆ, ವಾರದ ನಡುವೆ ತುಂಬಿದ್ದರೆ ಮಾತ್ರ ಹಿಟ್. ಇಡೀ ಸಾಲುಗಳು ಖಾಲಿ ಇದ್ದು, ಶೋ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಮಾಯವಾದರೆ ರಿಯಾಯಿತಿ ಏಜೆಂಟರಿಗೆ ಹೋಗಿರಬಹುದು. ಬುಕಿಂಗ್ ಅವಧಿ ವಿಸ್ತರಿಸಿದ್ದಾರೆ ಅಂದರೆ ಒಳ್ಳೆಯ ಲಕ್ಷಣ. 1985ರಲ್ಲಿ "ಲೆ ಮಿಸರಾಬ್ಲ್" ಲಂಡನ್‌ನಲ್ಲಿ ತೆರೆದಾಗ ವಿಮರ್ಶಕರು ಚೆನ್ನಾಗಿ ಬೈದಿದ್ದರು. ಮುಂದುವರಿಸಬೇಕಾ ಬೇಡವಾ ಅಂತ ಅಳುಕಿದ್ದ ನಿರ್ಮಾಪಕ ಕ್ಯಾಮರಾನ್ ಮ್ಯಾಕಿಂಟಾಷ್‌ಗೆ ಧೈರ್ಯ ಬಂದದ್ದು ಗಲ್ಲಾಪೆಟ್ಟಿಗೆಗೆ ಮುಗಿಬಿದ್ದ ಜನರಿಂದ. ಶೋ ಇನ್ನೂ ಲಂಡನ್‌ನಲ್ಲಿ ಓಡುತ್ತಿದೆ.

ಟಿಕೆಟ್ ತಗೊಳ್ಳುವವರಿಗೆ

ಸರಾಸರಿ ಬೆಲೆ ಮೂರು ವಾರ ಸತತ ಇಳಿದಿದ್ದರೆ ಮುಂಗಡ ಕೊಳ್ಳಬೇಡಿ, ಟಿಕೆಟಿಎಸ್ ಸಾಲಿನಲ್ಲಿ ಅಗ್ಗಕ್ಕೆ ಸಿಗುತ್ತೆ. ಏರುತ್ತಿದ್ದರೆ ಇವತ್ತೇ ಕೊಳ್ಳಿ, ಅದರಲ್ಲೂ ಮೇ ತಿಂಗಳ ಟೋನಿ ನಾಮನಿರ್ದೇಶನಕ್ಕೆ ಮೊದಲು. ಟೋನಿ ಗೆದ್ದ ಮೇಲೆ ಬೆಲೆ ಕೇಳುವ ಹಾಗಿರುವುದಿಲ್ಲ. ಗೆಲ್ಲದ ಶೋಗಳಲ್ಲಿ ಕೆಲವು ಜೂನ್ ಮುಗಿಯುವಷ್ಟರಲ್ಲಿ ಮುಚ್ಚುವ ನೋಟಿಸ್ ಹಾಕುತ್ತವೆ, ಹಾಗಾಗಿ ಬೇಸಿಗೆಗೆ ಹೋಗುವವರು ಅಂಥ ಶೋ ಮೇಲೆ ಆಸೆ ಇಟ್ಟಿದ್ದರೆ ಇನ್ನೊಂದನ್ನೂ ನೋಡಿಟ್ಟುಕೊಳ್ಳಿ.

ಮುಚ್ಚುತ್ತೇವೆ ಅಂತ ಹೇಳಿದ ಮೇಲಿನ ವಾರಗಳ ಅಂಕಿಯನ್ನು ಮಾತ್ರ ಚೇತರಿಕೆ ಅಂತ ಓದಬೇಡಿ. "ಫ್ಯಾಂಟಮ್ ಆಫ್ ದಿ ಆಪೆರಾ" ಹೊಸದಲ್ಲ, 1988ರದ್ದು, ಆದರೂ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಮುಚ್ಚುವ ಸುದ್ದಿ ಕೊಟ್ಟರು, ಫೆಬ್ರವರಿ 18ಕ್ಕೆ ಕೊನೆಯ ಶೋ ಅಂದರು. ಅಲ್ಲಿಯವರೆಗೆ "ಮುಂದಿನ ವರ್ಷ ನೋಡಿದರಾಯ್ತು" ಅಂದುಕೊಂಡಿದ್ದವರೆಲ್ಲ ಮುಗಿಬಿದ್ದರು. ಎಂಟು ವಾರ ಮುಂದಕ್ಕೆ ಹಾಕಿ 2023ರ ಏಪ್ರಿಲ್ 16ಕ್ಕೆ ನಿಲ್ಲಿಸಿದರು. ಕೊನೆಕೊನೆಗೆ ವಾರಕ್ಕೆ 30 ಲಕ್ಷ ಡಾಲರ್ ದಾಟಿತ್ತು.